ಗಾಳಿಯಿಲ್ಲದ ಕುಲುಮೆ

"ಇದು ಗಾಜಲ್ಲ, ಪ್ಲಾಸ್ಟಿಕ್ಕೂ ಅಲ್ಲ. ವಜ್ರ," ಎಂದು ನಾಗವೇಣಿ ಹೇಳುವಾಗ ಎದುರಿನ ಬೆಂಚಿನಲ್ಲಿ ಕೂತವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇಕ್ಕಳದ ತುದಿಯಲ್ಲಿ ಅವಳು ಹಿಡಿದಿರುತ್ತಿದ್ದ ಚೂರು ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಕಿಟಕಿಗೆ ಹಿಡಿದರೆ ಮಾತ್ರ ಅದರೊಳಗಿನ ಗೆರೆಗಳು ಕಾಣುತ್ತಿದ್ದವು. ಕೂದಲಿಗಿಂತ ಸಣ್ಣ ನೂರಾರು ಕಾಲುವೆಗಳು, ಒಂದರ ಪಕ್ಕ ಒಂದು, ಉತ್ತ ಹೊಲದ ಸಾಲುಗಳ ಹಾಗೆ.

ಹರಿಹರದ ಹರಳು ಶುದ್ಧಿ ಘಟಕದಲ್ಲಿ ಅವಳಿಗೆ ಎರಡು ಕೆಲಸ. ವಾಪಸು ಬಂದ ಹರಳುಗಳನ್ನು ತೊಳೆಯುವುದು ಒಂದು, ಮೂತ್ರಪಿಂಡ ಕೈಕೊಟ್ಟು ಹರಳಿಗಾಗಿ ಕಾಯುತ್ತಿರುವವರಿಗೆ ಅದರ ವಿಚಾರ ತಿಳಿಸಿ ಹೇಳುವುದು ಇನ್ನೊಂದು. ರಕ್ತ ಈ ಕಾಲುವೆಗಳಲ್ಲಿ ಹರಿಯುತ್ತದೆ, ಕಾಲುವೆಯ ಗೋಡೆಯಲ್ಲಿರುವ ಕಣ್ಣಿಗೆ ಕಾಣದ ತೂತುಗಳಿಂದ ಕೊಳೆನೀರು ಬೇರೆಯಾಗಿ ತೋಳಿನ ಚೀಲಕ್ಕೆ ಇಳಿಯುತ್ತದೆ. ಗಾಜಿನಲ್ಲಿ ಮಾಡಿದಾಗ ಕೆಲವೇ ವಾರಗಳಲ್ಲಿ ಗೋಡೆಗೆ ರಕ್ತದ ಅಂಟು ಹಿಡಿದು ಕಾಲುವೆ ಮುಚ್ಚಿಹೋಗುತ್ತಿತ್ತು. ವಜ್ರಕ್ಕೆ ಏನೂ ಸುಲಭವಾಗಿ ಅಂಟುವುದಿಲ್ಲ. ಅಂಟಿದರೂ ಗೋಡೆಗೆ ಬೆರೆಸಿದ ಬೋರಾನ್‌ನಿಂದ ಸಣ್ಣದೊಂದು ವಿದ್ಯುತ್ತು ಹರಿದು ಅದನ್ನು ಕಳಚಿ ಹಾಕುತ್ತದೆ. ಎರಡು ತುದಿಗೆ ಅಕ್ಕಿಕಾಳಿನಷ್ಟುದ್ದದ ಪ್ಲಾಟಿನಮ್ ನಳಿಕೆಗಳು. ಒಂದರಿಂದ ರಕ್ತ ಒಳಗೆ, ಇನ್ನೊಂದರಿಂದ ಹೊರಗೆ.

ಈ ಹರಳುಗಳನ್ನು ಹೊರದೇಶದ ಒಂದು ಕಂಪನಿ ಅನಿಲದಿಂದ ಪದರ ಪದರವಾಗಿ ಬೆಳೆಸುತ್ತಿತ್ತು. ಆಮೇಲೆ ಅದೇ ಯಂತ್ರಗಳಲ್ಲಿ ಕಂಪ್ಯೂಟರುಗಳನ್ನು ತಣ್ಣಗಿಡುವ ವಜ್ರದ ತಗಡು ಬೆಳೆಸುವುದೇ ಮೇಲೆಂದು ಅವರಿಗೆ ಕಂಡಿತು. ಹೊಸ ಹರಳು ಬರುವುದು ನಿಂತುಹೋಯಿತು. ಇದ್ದವು ಮಾತ್ರ ಉಳಿದವು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ. ಹಾಕಿಸಿಕೊಂಡವರು ತೀರಿಕೊಂಡರೆ ಡಾಕ್ಟರು ಮನೆಗೇ ಬಂದು ತೋಳಿನ ಚರ್ಮ ಸೀಳಿ ಹರಳು ತೆಗೆದುಕೊಂಡು, ಹೊಲಿಗೆ ಹಾಕಿ ಹೋಗುತ್ತಿದ್ದರು. ಕಾಯುವವರು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಬೆಂಚಿನ ಮೇಲೆ ಕೂತವರು ಕಾಯುತ್ತಿದ್ದದ್ದು ಒಂದು ಸಾವಿಗೆ.

"ತೊಳಿಯೋದು ಹೆಂಗಕ್ಕಾ? ಇನ್ನೊಬ್ಬರ ಮೈಯಾಗಿದ್ದದ್ದಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಕುದಿಯೋ ಆಸಿಡ್ಡಿಗೆ ಹಾಕ್ತೀವಿ. ಕಬ್ಬಿಣ ಕರಗಿಹೋಗೋ ಆಸಿಡ್ಡು. ಆಮೇಲೆ ಕುಲುಮೆಯಾಗೆ ಕೆಂಪಗೆ ಕಾಯಿಸ್ತೀವಿ. ಏನೂ ಆಗಲ್ಲ. ವಜ್ರ ಅದು."

ಇದನ್ನು ಅವಳು ಧೈರ್ಯದಿಂದ ಹೇಳುತ್ತಿದ್ದಳು. ಬೇರೆ ಯಾವ ಮಾತನ್ನೂ ಅಷ್ಟು ಧೈರ್ಯದಿಂದ ಹೇಳುವ ಸ್ವಭಾವ ಅವಳದಲ್ಲ. ಹಗಲು ಗಿರಣಿಯಲ್ಲಿ ದುಡಿದು, ಸಂಜೆ ಪಾಲಿಟೆಕ್ನಿಕ್ಕಿನಲ್ಲಿ ಕೂತು ಕಲಿತವಳು. ತನಗೆ ಗೊತ್ತಿರುವುದರ ನಡುವೆ ಎಲ್ಲೆಲ್ಲೋ ಬಿರುಕುಗಳಿವೆ ಎಂಬ ಅನುಮಾನ ಯಾವಾಗಲೂ ಇರುತ್ತಿತ್ತು. ಆದರೆ ಇದು ಕಣ್ಣಾರೆ ಕಂಡದ್ದು. ದಿನವೂ ಅವಳೇ ಹರಳುಗಳನ್ನು ಕುಲುಮೆಯ ತಟ್ಟೆಯಲ್ಲಿಟ್ಟು, ಬಾಗಿಲು ಬಿಗಿದು, ಒಳಗಿನ ಗಾಳಿ ಎಳೆಯುವ ಪಂಪು ಹಾಕಿ, ಮುಳ್ಳು ಸೊನ್ನೆಗೆ ಬಂದ ಮೇಲೆ ಬಿಸಿ ಏರಿಸುತ್ತಿದ್ದಳು. ಸಣ್ಣ ಕಿಟಕಿಯಲ್ಲಿ ಹರಳು ಕೆಂಡದ ಹಾಗೆ ಹೊಳೆಯುವುದನ್ನೂ, ಆರಿದ ಮೇಲೆ ನೀರಿನಷ್ಟು ತಿಳಿಯಾಗಿ ಹೊರಬರುವುದನ್ನೂ ನೋಡುತ್ತಿದ್ದಳು. ಪಂಪು ಧೂಳು ತೆಗೆಯುವುದಕ್ಕೆ ಎಂದು ತಿಳಿದಿದ್ದಳು. ಯಾರೂ ಹಾಗೆಂದು ಹೇಳಿಕೊಟ್ಟಿರಲಿಲ್ಲ. ಕೇಳೋಣ ಎಂದು ಒಂದೆರಡು ಸಲ ಅನಿಸಿದ್ದೂ ಉಂಟು. ಇಷ್ಟು ವರ್ಷ ಮಾಡಿದ ಮೇಲೆ ಇದನ್ನು ಕೇಳಿದರೆ ಏನಂದುಕೊಂಡಾರು ಎಂದು ಸುಮ್ಮನಾಗಿದ್ದಳು.

ಒಮ್ಮೆ ಮಾತ್ರ ಪುರುಷೋತ್ತಮ ಶೇಟ್ರು ನಕ್ಕಿದ್ದರು. ಹಳೇ ಪೇಟೆಯಲ್ಲಿ ಬಂಗಾರದ ಕೆಲಸ ಮಾಡುತ್ತಿದ್ದವರು, ಹರಳು ಹಾಕಿಸಿಕೊಂಡು ಬಹಳ ವರ್ಷ ಬಾಳಿದವರು. ತೋಳಿನ ವಿದ್ಯುತ್ತು ಪರೀಕ್ಷೆ ಮಾಡಿಸಲು ಬಂದಾಗಲೆಲ್ಲ ಬೆಂಚಿನ ತುದಿಗೆ ಕೂತು ಅವಳ ಪಾಠ ಕೇಳುತ್ತಿದ್ದರು.

"ಬೆಂಕಿಗೂ ಏನಾಗಲ್ಲ ಅಂತೀಯೇನವ್ವ? ನನ್ನ ಕುಲುಮೆಗೆ ಕೊಡು, ನೋಡಾಣ. ಬಿಳಿಗಾರ ಹಚ್ಚದೆ ಹರಳಿಗೆ ಬೆಂಕಿ ತೋರಿಸಿದ್ರೆ ನಮ್ಮಪ್ಪ ಕೈ ಮುರೀತಿದ್ದ."

"ನಿಮ್ಮ ಅಂಗಡಿ ಹರಳು ಬ್ಯಾರೆ ಶೇಟ್ರೆ, ಇದು ಬ್ಯಾರೆ."

"ಹೌದವ್ವ, ನಂದು ಮೂಗುಬೊಟ್ಟಿಂದು, ನಿಂದು ಸರಕಾರದ್ದು," ಎಂದು ಅವರು ತೋಳು ಸವರಿಕೊಂಡರು. ಬೆಂಚಿನವರೆಲ್ಲ ನಕ್ಕರು. ಅವಳೂ ನಕ್ಕಳು.

ಮನೆಯಲ್ಲಿ ಅವಳ ಗಂಡ ಹಾಲೇಶ ಎಡಗೈಯನ್ನು ಎಳೆ ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದ. ಬಸ್ಸಿನ ಕಂಡಕ್ಟರಾಗಿದ್ದವನು. ಡಯಾಲಿಸಿಸ್ಸಿನ ಸೂಜಿಗಳಿಗೆ ಬಲಗೈಯ ರಕ್ತನಾಳಗಳೆಲ್ಲ ಮುಚ್ಚಿಹೋಗಿ, ಈಗ ಕತ್ತಿನ ಬುಡದಲ್ಲಿ ಹಾಕಿದ ನಳಿಕೆಯಿಂದ ರಕ್ತ ತೊಳೆಯುತ್ತಿದ್ದರು. ಅದಕ್ಕೆ ಪದೇ ಪದೇ ಸೋಂಕು ತಗಲುತ್ತಿತ್ತು. ಎಡತೋಳಿನಲ್ಲಿ ಒಂದೇ ಒಂದು ಒಳ್ಳೆಯ ರಕ್ತನಾಳ ಉಳಿದಿತ್ತು. ಅದನ್ನು ಹರಳಿಗೆಂದೇ ಡಾಕ್ಟರ್ ಫರೀದಾ ಕಾದಿರಿಸಿದ್ದರು. ಯಾವ ನರ್ಸೂ ಮರೆತು ಚುಚ್ಚದಿರಲೆಂದು ಹಾಲೇಶ ಅಲ್ಲಿಗೆ ಕೆಂಪು ದಾರ ಕಟ್ಟಿಕೊಂಡಿದ್ದ. ಆ ಕೈಯಿಂದ ಬಕೆಟ್ಟು ಎತ್ತುತ್ತಿರಲಿಲ್ಲ, ಆ ಮಗ್ಗುಲಿಗೆ ಮಲಗುತ್ತಿರಲಿಲ್ಲ, ಲೋಟವನ್ನೂ ಹಿಡಿಯುತ್ತಿರಲಿಲ್ಲ.

"ಇದು ರಿಸರ್ವೇಶನ್ ಸೀಟು ನಾಗೂ," ಎನ್ನುತ್ತಿದ್ದ. "ಯಾರೂ ಕೂಡಂಗಿಲ್ಲ."

ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಕತ್ತಿನ ನಳಿಕೆ ಇನ್ನೊಂದು ಸೋಂಕು ತಡೆಯುವುದಿಲ್ಲ. ಮುಂದೆ ಬರುವ ಹರಳು ಹಾಲೇಶನದು.

ಅವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಲೆಕ್ಕ. ನಾಗವೇಣಿ ಬೆಳಿಗ್ಗೆಯೇ ಒಂದು ತಂಬಿಗೆಯಲ್ಲಿ ಅಳೆದಿಟ್ಟು, ಕೇಳಿದಾಗೊಮ್ಮೆ ಸಣ್ಣ ಸ್ಟೀಲ್ ಲೋಟದಲ್ಲಿ ಅರ್ಧ ಕೊಡುತ್ತಿದ್ದಳು. ಅವನು ಅದನ್ನು ಬೆಳಕಿಗೆ ಹಿಡಿದು, "ಕುರಿ ಕಾಯೋನು ನಾಯಿಗೆ ಹಾಕೋದಕ್ಕಿಂತ ಕಡಿಮೆ ಐತಲ್ಲೇ," ಎಂದು ರೇಗಿಸಿ, ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದ.

"ಹರಳು ಬರಲಿ, ಹೊಳೆನೇ ತಂದು ಕೊಡ್ತೀನಿ," ಎನ್ನುತ್ತಿದ್ದಳು.

ಶೇಟ್ರು ತೀರಿಕೊಂಡ ಸುದ್ದಿ ಬಂದಾಗ ಅವಳು ಆಸಿಡ್ಡಿನ ಪಾತ್ರೆಯ ಮುಂದಿದ್ದಳು. ಅವರ ಮಗ ಉದಯನ ಫೋನು. "ಅಕ್ಕಾ, ಅಪ್ಪ ಹೋಗ್ಬಿಟ್ರು. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಕಂಡು ಕೂತಿದ್ರು, ಅಷ್ಟೇ." ಅವಳ ಮನಸ್ಸಿಗೆ ಮೊದಲು ಬಂದದ್ದು ಗಂಡನ ಎಡತೋಳು. ಅದರ ಹಿಂದೆಯೇ ನಾಚಿಕೆ ಬಂತು, ಮೈ ಬಿಸಿಯಾಗುವಷ್ಟು.

ದಾವಣಗೆರೆಯಿಂದ ಡಾಕ್ಟರ್ ಫರೀದಾ ಹೊರಟಿದ್ದರು. "ನಾನು ಬರೋದ್ರೊಳಗೆ ಮನೆಯವರನ್ನ ಒಪ್ಪಿಸಿ ಇಡು ನಾಗವೇಣಿ. ನೀನು ಹೇಳಿದ್ರೆ ಕೇಳ್ತಾರೆ."

ಶೇಟ್ರ ಮನೆಯ ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದರು. ತಲೆಯ ಹತ್ತಿರ ದೀಪ. ಹೆಂಡತಿ ಪದ್ಮಾವತಿಬಾಯಿ ಸತ್ತವರ ಬಲಗೈ ಹಿಡಿದುಕೊಂಡು ಕೂತಿದ್ದರು, ಹರಳಿದ್ದ ಕೈ. ಉದಯ ತಗ್ಗಿದ ದನಿಯಲ್ಲಿ ತಾಯಿಗೆ ತಿಳಿಸಿದ. ಅವರು ತಲೆಯೆತ್ತಲಿಲ್ಲ.

"ಕೊಯ್ಯೋದು ಬ್ಯಾಡಪ್ಪ. ಈ ಕೈಯಾಗೆ ಊರಿಗೆಲ್ಲ ತಾಳಿ ಮಾಡಿ ಕೊಟ್ಟಾರೆ. ಅದನ್ನ ಸೀಳಿ ಕಳಿಸೋದ?"

"ಅಮ್ಮ, ಅವತ್ತೇ ಒಪ್ಪಿಕೊಂಡಿದ್ವಿ. ಇನ್ನೊಬ್ಬರ ಜೀವ ಐತಿ ಅದರಾಗೆ."

"ಒಪ್ಪಿಕೊಂಡಾಗ ಇವರು ಬದುಕಿದ್ರು," ಎಂದರು ಪದ್ಮಾವತಿಬಾಯಿ.

ನಾಗವೇಣಿ ಹತ್ತಿರ ಕೂತಳು. ಎಷ್ಟೋ ಮನೆಗಳಲ್ಲಿ ಆಡಿದ ಮಾತು ನಾಲಿಗೆಯ ಮೇಲೇ ಇತ್ತು. ನೋವಾಗುವುದಿಲ್ಲ, ಸಣ್ಣ ಗಾಯ, ಹೊಲಿಗೆ ಹಾಕಿದರೆ ಗೊತ್ತೂ ಆಗುವುದಿಲ್ಲ. ಬಾಯಿ ತೆರೆಯುವ ಹೊತ್ತಿಗೆ ಗೋಡೆಗೊರಗಿದ್ದ ಶೇಟ್ರ ತಂಗಿ ಕೇಳಿದರು:

"ಈಗ ಯಾರಿಗೆ ಹೋಗ್ತೈತಿ ಇದು?"

ಸುಳ್ಳು ಹೇಳಬಹುದಿತ್ತು. ಘಟಕದವರು ಹೆಸರು ಹೇಳಬಾರದು ಎಂಬ ನಿಯಮವೂ ಇತ್ತು. ಅದರ ಹಿಂದೆ ಅಡಗಿಕೊಳ್ಳುವುದು ಅವಳಿಗೆ ಸರಿಕಾಣಲಿಲ್ಲ.

"ನಮ್ಮ ಮನೆಯವರಿಗೆ," ಎಂದಳು.

"ಹಂಗನ್ನು. ಅದಕ್ಕೇ ನಮ್ಮ ಬೀಗರಿಗಿಂತ ಮೊದಲು ನೀ ಬಂದಿ."

"ಸುಮ್ಮಿರೇ ಶಾರೀ," ಎಂದರು ಪದ್ಮಾವತಿಬಾಯಿ. ಆದರೆ ಆ ಮಾತು ಆಗಲೇ ನಾಟಿತ್ತು. ನಾಗವೇಣಿಗೆ ಇನ್ನು ಒಂದಕ್ಷರ ಹೇಳಿದರೂ ಅದು ಹೆಣದ ಕೈಯಿಂದ ಕಿತ್ತುಕೊಂಡ ಹಾಗೆ ಆಗುತ್ತದೆ ಅನ್ನಿಸಿತು. ಬೇರೆ ಯಾರ ಗಂಡನಿಗಾಗಿದ್ದರೂ ಅವಳು ಹಟ ಹಿಡಿಯುತ್ತಿದ್ದಳು. ಕಾಲು ಹಿಡಿಯುತ್ತಿದ್ದಳು.

ದಾರಿ ತೋರಿಸಿದವನು ಉದಯನೇ. "ಅಕ್ಕಾ, ಒಂದು ಮಾತು. ಕುದಿಯೋ ಆಸಿಡ್ಡಿಗೆ ಹಾಕ್ತೀವಿ, ಕೆಂಪಗೆ ಕಾಯಿಸ್ತೀವಿ, ಏನೂ ಆಗಲ್ಲ ಅಂತ ನೀವೇ ಹೇಳ್ತಿದ್ರಲ್ಲ? ಹಂಗಾದ್ರೆ ಅಪ್ಪನ್ನ ಹಿಂಗೇ ಕಳಿಸಿಕೊಡಾಣ. ಅಸ್ಥಿ ಆರಿಸೋ ದಿನ ಬೂದಿಯೊಳಗೆ ಹರಳು ಹುಡುಕಿ ನಿಮ್ಮ ಕೈಗೆ ಕೊಡ್ತೀನಿ. ಅಮ್ಮನ ಮಾತೂ ಉಳಿತೈತಿ."

ಪದ್ಮಾವತಿಬಾಯಿ ಮೊದಲ ಸಲ ತಲೆಯೆತ್ತಿದರು. "ಆಗ್ತೈತೇನವ್ವ ಹಂಗೆ?"

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಯಾರಿಗೂ ನೋವಾಗದ ದಾರಿ. ದಿನವೂ ಕುಲುಮೆಯ ಕಿಟಕಿಯಲ್ಲಿ ಕಾಣುವ ಕೆಂಪು ಹರಳು ಕಣ್ಣ ಮುಂದೆ ಬಂತು.

"ಆಗ್ತೈತಿ ಅಮ್ಮಾರೆ. ವಜ್ರ ಅದು."

ಡಾಕ್ಟರ್ ಫರೀದಾ ಇನ್ನೂ ದಾರಿಯಲ್ಲೇ ಇದ್ದರು. "ಬೂದಿಯಿಂದಾನಾ? ಆಗುತ್ತಾ ಅದು?" ಎಂದು ಫೋನಿನಲ್ಲಿ ಕೇಳಿದರು. "ನನಗೆ ರಕ್ತದ ವಿಷಯ ಗೊತ್ತು. ವಜ್ರದ ವಿಷಯ ನಿಮ್ಮ ಘಟಕದವರು ಹೇಳಬೇಕು."

"ಕುಲುಮೆಯಾಗೆ ದಿನಾ ಕಾಯಿಸ್ತೀವಿ ಡಾಕ್ಟ್ರೆ."

"ಹಾಗಾದ್ರೆ ಸರಿ. ಪಾಪ, ಆ ಅಮ್ಮನ್ನ ನೋಯಿಸೋದು ಬೇಡ." ಕಾರು ಹಿಂದಕ್ಕೆ ತಿರುಗಿತು.

ಅಂದು ಸಂಜೆ ಹೊಳೆದಂಡೆಯ ಸ್ಮಶಾನದಲ್ಲಿ ಒಳ್ಳೆಯ ಒಣ ಜಾಲಿಯ ಸೌದೆ ಒಟ್ಟಿದರು. ಧಾರಾಳ ತುಪ್ಪ ಸುರಿದರು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೆಂಕಿ ಚೆನ್ನಾಗಿ ಹತ್ತಿತು, ಪುಣ್ಯವಂತರು ಎಂದು ಹೋಗಿ ಬಂದವರೆಲ್ಲ ಹೇಳಿದರು.

ಮರುದಿನ ನಾಗವೇಣಿ ಕುಲುಮೆಯ ತಟ್ಟೆ ತಯಾರು ಮಾಡುವಾಗ ಘಟಕದ ಎಂಜಿನಿಯರ್ ತೇಜಸ್ವಿನಿ ರಜೆ ಮುಗಿಸಿ ಬಂದಳು. ಮೈಸೂರಿನ ಕಡೆಯ ಹುಡುಗಿ, ನಾಗವೇಣಿಯನ್ನು ಕಂಡರೆ ಅಕ್ಕರೆ. ಸುದ್ದಿ ಕೇಳಿ, "ಸದ್ಯ, ಭಾವನಿಗೆ ಸಿಕ್ಕಿತಲ್ಲ! ಎಲ್ಲಿ, ತೆಗೆದದ್ದು ಬಂತಾ?" ಎಂದಳು.

ನಾಗವೇಣಿ ಹೇಳಿದಳು. ಹೇಳುತ್ತ ಹೇಳುತ್ತ ಹುಡುಗಿಯ ಮುಖ ಬದಲಾಗುವುದನ್ನು ಕಂಡಳು.

"ಯಾಕವ್ವ?"

"ಅಕ್ಕಾ... ಪಂಪ್ ಯಾಕೆ ಹಾಕ್ತೀವಿ?"

"ಧೂಳಿಗೆ."

ತೇಜಸ್ವಿನಿ ಕುರ್ಚಿ ಎಳೆದುಕೊಂಡು ಕೂತಳು. "ಧೂಳಿಗಲ್ಲಕ್ಕಾ. ವಜ್ರ ಅಂದ್ರೆ ಇದ್ದಿಲೇ. ಅದೇ ಕಾರ್ಬನ್ನು, ಜೋಡಣೆ ಬೇರೆ ಅಷ್ಟೇ. ಗಾಳಿ ಇಲ್ಲದ ಕಡೆ ಎಷ್ಟು ಕಾಯಿಸಿದ್ರೂ ಸುಮ್ಮನಿರುತ್ತೆ. ಗಾಳಿ ಇದ್ರೆ..."

"ಇದ್ರೆ?"

"ಉರಿಯುತ್ತೆ. ಬೂದಿಯೂ ಉಳಿಯಲ್ಲ, ಹೊಗೆಯೂ ಕಾಣಲ್ಲ. ನಾವು ಬಿಡೋ ಉಸಿರಿನ ಥರ ಹೋಗಿಬಿಡುತ್ತೆ."

ಪಂಪು ಯಾಕೆಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾಗವೇಣಿಗೆ ಶೇಟ್ರ ನಗು ಕೇಳಿಸಿತು. ಬಿಳಿಗಾರ ಹಚ್ಚದೆ ಹರಳಿಗೆ ಬೆಂಕಿ ತೋರಿಸಿದ್ರೆ. ಕರಗಿದ ಬಿಳಿಗಾರ ಹರಳಿನ ಮೇಲೆ ಗಾಜಿನ ಪೊರೆಯ ಹಾಗೆ ಕೂತು ಗಾಳಿಯನ್ನು ದೂರವಿಡುತ್ತದೆ ಎಂದು ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಇದು ಗೊತ್ತಿದ್ದವರು ಒಬ್ಬರೇ, ಅವರು ಅಂದು ದೀಪದ ಪಕ್ಕ ಮಲಗಿದ್ದರು. ಉದಯನದು ಮೊಬೈಲ್ ಅಂಗಡಿ.

"ಎಲ್ಲ ಕಡೆ ಅಷ್ಟು ಬಿಸಿ ಇರಲ್ಲಕ್ಕಾ," ಎಂದಳು ತೇಜಸ್ವಿನಿ ಅವಸರದಿಂದ. "ಕೈ ಪಕ್ಕಕ್ಕೆ ಬಿದ್ದಿದ್ರೆ, ಬೂದಿ ಬೇಗ ಮುಚ್ಚಿಕೊಂಡಿದ್ರೆ ಗಾಳಿ ತಗಲಲ್ಲ. ಮೇಲೆ ಮಬ್ಬಾಗಿರಬಹುದು, ಒಳಗಿನ ಕಾಲುವೆ ಉಳಿದಿರಬಹುದು. ನೋಡದೆ ಹೇಳೋಕಾಗಲ್ಲ."

ನಾಗವೇಣಿ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ಗಂಡನಿಗೆ ಹೇಳಲಿಲ್ಲ. ಅವನು ಎಡತೋಳಿಗೆ ಸೋಪು ಹಚ್ಚಿ ತೊಳೆದು, ಅಂಗಿಯೊಂದರ ತೋಳು ಕತ್ತರಿಸಿ, "ಆಪರೇಶನ್ನಿಗೆ ಇದೇ ಇರಲಿ, ಹೊಸದನ್ನ ಅವರು ಹಾಳು ಮಾಡ್ತಾರೆ," ಎಂದು ಮಡಿಚಿಡುತ್ತಿದ್ದ.

ಅಸ್ಥಿ ಆರಿಸುವ ದಿನ ಸ್ಮಶಾನದ ಬಾಗಿಲಲ್ಲೇ ಪುರೋಹಿತರು ತಡೆದರು. "ಹೆಂಗಸರು ಇಲ್ಲಿಗೆ ಬರೋ ಪದ್ಧತಿ ಇಲ್ಲಮ್ಮ."

"ಅವರು ಬರಲೇಬೇಕು ಭಟ್ರೆ," ಎಂದ ಉದಯ. "ಸಾಮಾನು ಅವರದು."

ಚಿತೆಯ ಜಾಗಕ್ಕೆ ಹಾಲು ನೀರು ಚಿಮುಕಿಸಿ, ಬಿಳಿಯ ಎಲುಬುಗಳನ್ನು ಒಂದೊಂದಾಗಿ ಮಡಕೆಗೆ ತುಂಬಿದರು. ಬಲಗೈ ಇದ್ದ ಕಡೆ ಉದಯ ಬರಿಗೈಯಲ್ಲಿ ಕೆದಕಿದ. ನಾಗವೇಣಿಯೂ ಕೂತು ಕೆದಕಿದಳು. ಬೂದಿ ಹಿಟ್ಟಿನಷ್ಟು ನುಣ್ಣಗಿತ್ತು, ಒಂದು ಇದ್ದಿಲ ಚೂರೂ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ಉರಿದಿತ್ತು.

"ಹಿಂಗೆ ಸಿಗಲ್ಲ ತಡೀರಿ," ಎಂದು ಉದಯ ಚೀಲದಿಂದ ಮರದ ಮರಿಗೆಯೊಂದನ್ನು ತೆಗೆದ. ಎಣ್ಣೆ ಕುಡಿದು ಕಪ್ಪಾಗಿದ್ದ, ಅಂಚು ಸವೆದ ಮರಿಗೆ. "ಅಪ್ಪ ಅಂಗಡಿ ಕಸ ಇದರಾಗೆ ತೊಳೀತಿದ್ರು. ವರ್ಷದ ಕಸ ಕೂಡಿಟ್ಟು, ಹೊಳೆಗೆ ತಂದು, ನನ್ನ ಪಕ್ಕ ಕೂರಿಸಿಕೊಂಡು. ಸಾಸಿವೆ ಕಾಳಷ್ಟು ಬಂಗಾರ ಇದ್ರೂ ತಳದಾಗೆ ನಿಲ್ತಿತ್ತು."

ಬೂದಿಯನ್ನೆಲ್ಲ ಬಾಚಿ ತುಂಗಭದ್ರೆಯ ಅಂಚಿಗೆ ತಂದರು. ಉದಯ ಮೊಣಕಾಲುದ್ದ ನೀರಿನಲ್ಲಿ ಕೂತು ಮರಿಗೆಯನ್ನು ಓಲಾಡಿಸತೊಡಗಿದ. ತಂದೆಯ ಕೈಚಳಕ ಅವನಿಗೆ ಮರೆತಿರಲಿಲ್ಲ. ಬೂದು ನೀರು ಅಂಚು ದಾಟಿ ಹರಿದು ಹೋಗುತ್ತಿತ್ತು, ತಳದಲ್ಲಿ ಭಾರದ್ದು ಉಳಿಯುತ್ತಿತ್ತು. ಮರಳು, ಮೊಳೆ, ಕರಗಿದ ಗುಂಡಿ. ಮತ್ತೆ ತುಂಬಿದ, ಮತ್ತೆ ಓಲಾಡಿಸಿದ. ದಡದಲ್ಲಿ ತೇಜಸ್ವಿನಿಯ ಮಾತನ್ನು ಮಣಿಯ ಹಾಗೆ ಎಣಿಸುತ್ತ ನಾಗವೇಣಿ ನಿಂತಿದ್ದಳು. ಕೈ ಪಕ್ಕಕ್ಕೆ ಬಿದ್ದಿದ್ದರೆ. ಬೂದಿ ಬೇಗ ಮುಚ್ಚಿದ್ದರೆ.

"ಸಿಕ್ತು! ಅಕ್ಕಾ, ಸಿಕ್ತು!"

ಅವಳು ಸೀರೆ ಸಮೇತ ನೀರಿಗಿಳಿದಳು. ಮರಿಗೆಯ ತಳದಲ್ಲಿ ಎರಡು ಬಿಳಿಯ ನಳಿಕೆಗಳು ಹೊಳೆಯುತ್ತಿದ್ದವು. ಅಕ್ಕಿಕಾಳಿನಷ್ಟುದ್ದ, ಒಂದು ಕಡೆ, ಇನ್ನೊಂದು ಸ್ವಲ್ಪ ದೂರ. ಉದಯ ಅವುಗಳ ನಡುವೆ ಬೆರಳಾಡಿಸಿದ. ಇನ್ನಷ್ಟು ನೀರು ಹಾಕಿ ತಿಳಿ ಮಾಡಿದ. ಮತ್ತೆ ಬೆರಳಾಡಿಸಿದ.

"ಹರಳು ನೀರಾಗೆ ಕಾಣಲ್ಲ ಅಲ್ವಾ ಅಕ್ಕಾ? ತಿಳಿ ಇರ್ತೈತಿ, ಅದಕ್ಕೆ."

"ಹೌದಪ್ಪ."

"ಇಲ್ಲೇ ಇರ್ತೈತಿ ತಡೀರಿ."

ಪುರೋಹಿತರು ದಡದಿಂದ ಹೊತ್ತಾಯಿತೆಂದು ಕೂಗಿದರು. ಉದಯ ಕೇಳಿಸಿಕೊಳ್ಳಲಿಲ್ಲ. ಉಳಿದ ಬೂದಿಯನ್ನೆಲ್ಲ ತೊಳೆದ. ಕೊನೆಗೆ ನಾಗವೇಣಿಯೇ ಅವನ ಮಣಿಕಟ್ಟು ಹಿಡಿದಳು.

"ಸಾಕಪ್ಪ. ಸುಟ್ಟು ಹೋಗೈತಿ ಅದು. ವಜ್ರ ಸುಡ್ತೈತಂತೆ. ನನಗೆ ಗೊತ್ತಿರಲಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಬಯ್ದಿದ್ದರೆ ಚೆನ್ನಾಗಿತ್ತು. "ನಾನೇ ಅಲ್ವಾ ಹೇಳಿದ್ದು ಹಿಂಗ್ ಮಾಡಾಣ ಅಂತ," ಎಂದು ಮಗುವಿನ ಹಾಗೆ ಅತ್ತುಬಿಟ್ಟ. ಅಪ್ಪನಿಗಾಗಿ ಅವನು ಅತ್ತದ್ದು ಅದೇ ಮೊದಲಿರಬೇಕು. "ಅಮ್ಮನಿಗೆ ಹೇಳಬ್ಯಾಡ್ರಿ ಅಕ್ಕಾ. ಸಿಕ್ತು ಅನ್ರಿ."

"ಹಂಗೇ ಹೇಳ್ತೀನಿ," ಎಂದಳು. ಹಳೇ ಪೇಟೆಗೆ ಹೋಗಿ ಹಾಗೆಯೇ ಹೇಳಿದಳು. ಪದ್ಮಾವತಿಬಾಯಿ ಅವಳ ಎರಡೂ ಕೈ ಹಿಡಿದುಕೊಂಡು, ನಿನ್ನ ಮಾಂಗಲ್ಯ ಗಟ್ಟಿಯಾಗಿರಲಿ ಎಂದು ಹರಸಿದರು.

ಅವಳು ಮನೆಗೆ ಬಂದಾಗ ಹಾಲೇಶ ಬಾಗಿಲಲ್ಲೇ ಕೂತಿದ್ದ. ತೋಳು ಕತ್ತರಿಸಿದ ಅಂಗಿ ಹಾಕಿಕೊಂಡಿದ್ದ. ಕತ್ತಿನ ನಳಿಕೆಯ ಸುತ್ತ ಬೆಳಗ್ಗೆ ಇಲ್ಲದ ಕೆಂಪು ಈಗ ಕಾಣುತ್ತಿತ್ತು. ಮೈ ಮುಟ್ಟಿ ನೋಡಿದಳು. ಬಿಸಿ ಇತ್ತು.

"ಬೆಳಗ್ಗಿಂದ ಒಂಥರಾ ಚಳಿ," ಎಂದ. "ಅದಿರಲಿ. ಸಿಕ್ತಾ?"

ಅವಳು ಮುಷ್ಟಿ ಬಿಚ್ಚಿ ಎರಡು ನಳಿಕೆಗಳನ್ನು ತೋರಿಸಿದಳು. ಎಲ್ಲವನ್ನೂ ಹೇಳಿದಳು. ಪಂಪಿನ ಮಾತು, ಬಿಳಿಗಾರದ ಮಾತು, ತಾನು ಆ ಮನೆಯಲ್ಲಿ ಯಾಕೆ ಹಟ ಹಿಡಿಯಲಿಲ್ಲ ಎಂಬುದು. ಅವನು ನಳಿಕೆಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದ.

"ಗಾಳಿಯಾಗಿ ಹೋತು ಅಂದಿ?"

"ಹೂಂ ರೀ."

"ಅವತ್ತು ಸಂಜೆ ಗಾಳಿ ಊರ ಕಡೆಗೇ ಬೀಸ್ತಿತ್ತು. ನಾನು ಇಲ್ಲೇ ಕೂತಿದ್ದೆ." ಒಂದು ಸಲ ಉಸಿರೆಳೆದುಕೊಂಡ. "ನನ್ನ ಪಾಲಿಂದು ಬಂತು ಅನ್ನು ಹಂಗಾದ್ರೆ."

ಅವಳು ಅವನ ಪಕ್ಕ ಕೂತಳು. "ಡಾಕ್ಟರಿಗೆ ಫೋನ್ ಮಾಡ್ತೀನಿ. ಜ್ವರಕ್ಕೆ ಏನಾದ್ರೂ ಕೊಡ್ತಾರೆ. ಇನ್ನೊಂದು ಹರಳು..."

"ಮಾಡುವಂತಿ. ಮೊದಲು ನೀರು ಕೊಡು."

ಅವಳು ಎದ್ದು ಒಳಗೆ ಹೋದಳು. ಅಳೆದಿಟ್ಟ ತಂಬಿಗೆಯಲ್ಲಿ ಅಂದಿನ ಪಾಲು ತಳದಲ್ಲಷ್ಟೇ ಇತ್ತು. ಸ್ಟೀಲ್ ಲೋಟ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದನ್ನು ಕೆಳಗಿಟ್ಟು, ಮೇಲಿನ ಹಲಗೆಯಿಂದ ದೊಡ್ಡ ಹಿತ್ತಾಳೆ ಲೋಟವನ್ನು ತೆಗೆದಳು. ಮದುವೆಯಲ್ಲಿ ಬಂದದ್ದು. ತೊಳೆದು, ಕೊಡದಿಂದ ಬಗ್ಗಿಸಿ, ಅಂಚಿನವರೆಗೂ ತುಂಬಿದಳು.

ಹಾಲೇಶ ಲೋಟವನ್ನು ನೋಡಿದ, ಅವಳ ಮುಖವನ್ನು ನೋಡಿದ. ಕೆಂಪು ದಾರ ಕಟ್ಟಿದ್ದ ಎಡಗೈ ಚಾಚಿ ಅದನ್ನು ತೆಗೆದುಕೊಂಡ.